ಅತ್ತೆಯ ಓಣಿಯ ಈಜುಕೊಳಗಳು

ತಪ್ಪು ಮಾಡಿದ ಕೂಡಲೇ ಮನುಷ್ಯನಿಗೆ ನಾಚಿಕೆಯಾಗುತ್ತದೆ ಎಂದು ಹೇಳುವವರು ಹೆಚ್ಚು ತಪ್ಪು ಮಾಡಿದವರಲ್ಲ ಎಂದೇ ನನ್ನ ಭಾವನೆ. ನನ್ನ ಅನುಭವದಲ್ಲಿ ತಪ್ಪು ಮಾಡುವ ಹೊತ್ತಿಗೆ ಮನಸ್ಸು ಹಗುರವಾಗಿಯೇ ಇರುತ್ತದೆ. ಕೆಲಸ ಬೇಗ ಮುಗಿಯಿತಲ್ಲ ಎಂಬ ಸಮಾಧಾನ, ಇನ್ನೊಂದು ಕಪ್ ಚಹಾ ಕುಡಿಯೋಣ ಎಂಬ ಉಮೇದು. ನಾಚಿಕೆ ಬರುವುದು ಆಮೇಲೆ, ಅದೂ ನಾಲ್ಕು ಜನ ಸೇರಿದ ಕಡೆಗೇ ಹುಡುಕಿಕೊಂಡು ಬರುತ್ತದೆ. ಒಬ್ಬನೇ ಇದ್ದಾಗ ಬಂದಿದ್ದರೆ ಹೇಗಾದರೂ ಮಾತಾಡಿ ಸಾಗಹಾಕಬಹುದಿತ್ತು. ಈಚೆಗೆ ಅದು ನನ್ನನ್ನು ಅಕ್ಕಲಕೋಟೆಯ ಒಂದು ಓಣಿಯಲ್ಲಿ ಹಿಡಿಯಿತು. ಅಲ್ಲಿಂದ ಸೊಲ್ಲಾಪುರದ ನಮ್ಮ ಮನೆಯ ಪಡಸಾಲೆಯವರೆಗೂ ಜೊತೆಗೇ ಬಂದು ಕೂತಿದೆ. ಹೆಂಡತಿ ಸುನಂದಾ ಅದನ್ನು ಚೆನ್ನಾಗಿ ಗುರುತಿಸಿದ್ದಾಳೆ. ನನ್ನನ್ನು ಕಂಡಾಗಲೆಲ್ಲ ಸುಮ್ಮನೆ ನಗುತ್ತಾಳೆ.

ನಾನು ಕೆಲಸ ಮಾಡುವುದು ಸಣ್ಣ ಊರುಗಳಿಗೆ ನಗರ ಯೋಜನೆ ತಯಾರಿಸಿಕೊಡುವ ಒಂದು ಆಫೀಸಿನಲ್ಲಿ. ಇಷ್ಟು ಹೇಳಿದರೆ ಜನ ನನ್ನನ್ನು ದೊಡ್ಡ ಇಂಜಿನಿಯರ್ ಎಂದು ತಿಳಿದು ಕುರ್ಚಿ ಕೊಡುತ್ತಾರೆ. ನಾನು ಮೊದಲು ಕೂತುಕೊಂಡು, ಆಮೇಲೆ ಸರ್ವೇಯರ್ ಎಂದು ತಿಳಿಸುತ್ತೇನೆ. ಮೊದಲು ನಮ್ಮದು ಟೇಪು ಹಿಡಿದು ಅಳೆಯುವ ಕೆಲಸ. ಟೇಪಿನ ತುದಿ ಹಿಡಿದು ರಸ್ತೆಯಲ್ಲಿ ನಿಂತವನನ್ನು ಊರಿನ ನಾಯಿಯೂ ನಂಬುವುದಿಲ್ಲ, ಮನೆಯ ಯಜಮಾನನೂ ನಂಬುವುದಿಲ್ಲ. ನಾಯಿ ಬೊಗಳುತ್ತದೆ, ಯಜಮಾನ ತನ್ನ ಕಾಂಪೌಂಡು ಅಜ್ಜನ ಕಾಲದಿಂದ ಅಲ್ಲೇ ಇದೆ ಎನ್ನುತ್ತಾನೆ. ಈಗ ಆ ಕಷ್ಟವಿಲ್ಲ. ಆಕಾಶದಿಂದ ಉಪಗ್ರಹ ಊರಿನ ಚಿತ್ರ ತೆಗೆದು ಕಳಿಸುತ್ತದೆ. ಕೃತಕ ಬುದ್ಧಿಮತ್ತೆ, ಅಂದರೆ ನಮ್ಮ ಆಫೀಸಿನ ಸಿಪಾಯಿ ಕೂಡ ಸಲೀಸಾಗಿ ಹೇಳುವ ಎಐ, ಆ ಚಿತ್ರವನ್ನು ಓದಿ, ಗಿಡಮರಗಳಿಗೆ ಹಸಿರು, ನೀರಿಗೆ ನೀಲಿ, ಕಾದು ಸುಡುವ ಮಾಡುಗಳಿಗೆ ಕೆಂಪು ಬಣ್ಣ ಹಚ್ಚಿಕೊಡುತ್ತದೆ. ಊರಿನಲ್ಲಿ ಯಾವ ಓಣಿ ಹೆಚ್ಚು ಬೇಯುತ್ತದೆ, ಎಲ್ಲಿ ನೆರಳಿಲ್ಲ, ಎಲ್ಲಿ ಗಿಡ ನೆಡಬೇಕು, ಯಾರ ತಗಡಿನ ಮಾಡಿಗೆ ಬಿಸಿಲನ್ನು ವಾಪಸು ಕಳಿಸುವ ಬಿಳಿ ಬಣ್ಣ ಬಳಿಯಬೇಕು, ಇದೆಲ್ಲ ಅದರಿಂದ ತೀರ್ಮಾನವಾಗುತ್ತದೆ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಇದು ಎಷ್ಟು ಪುಣ್ಯದ ಕೆಲಸ ಎಂದು ಬೇರೆ ಹೇಳಬೇಕಾಗಿಲ್ಲ. ಪುಣ್ಯದ ಕೆಲಸದಲ್ಲಿ ನನ್ನಂಥವನನ್ನು ಸೇರಿಸಿದ್ದೊಂದೇ ಎಡವಟ್ಟು.

ಈ ಯಂತ್ರ ನಡೆಸುವವರು ಪುಣೆಯಿಂದ ಬಂದ ಕೇತಕಿ ಮೇಡಂ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು, ತಾಳ್ಮೆಯಲ್ಲಿ ನನ್ನ ಅವ್ವನಿಗಿಂತ ದೊಡ್ಡವರು. ಯಂತ್ರವೂ ತಪ್ಪು ಮಾಡುತ್ತದೆ ಎಂದು ಅವರು ಮೊದಲ ದಿನವೇ ನಮಗೆ ಎಚ್ಚರಿಕೆ ಕೊಟ್ಟಿದ್ದರು. ಬೋರಾಮಣಿಯ ಹುಲ್ಲುಗಾವಲಿನಲ್ಲಿ ಮಲಗಿದ್ದ ಒಂದು ಕುರಿಹಿಂಡನ್ನು ಅದು ಬಂಡೆಗಲ್ಲು ಎಂದು ಬರೆದಿತ್ತು. ಮುಂದಿನ ಚಿತ್ರದಲ್ಲಿ ಬಂಡೆಗಳೆಲ್ಲ ಮೇಯುತ್ತ ಹಳ್ಳದ ಆಚೆಗೆ ಹೋಗಿದ್ದವು. ಆದ್ದರಿಂದಲೇ ನನ್ನಂಥ ಸರ್ವೇಯರುಗಳ ಕೆಲಸ ಉಳಿದಿರುವುದು. ಯಂತ್ರ ಹೇಳಿದ ಜಾಗಕ್ಕೆ ನಡೆದು ಹೋಗಿ, ಕಣ್ಣಾರೆ ನೋಡಿ, ಮೊಬೈಲಿನಲ್ಲಿ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಒಂದು, 'ಸ್ವತಃ ನೋಡಿದೆ, ಸರಿಯಿದೆ'. ಇನ್ನೊಂದು, 'ತಪ್ಪಿದೆ'. ತಪ್ಪಿದೆ ಎಂದು ಒತ್ತಿದರೆ ಏಕೆ, ಹೇಗೆ, ಫೋಟೋ ಎಲ್ಲಿ ಎಂದು ಅದು ಹೊಸ ಸೊಸೆಯನ್ನು ಕೇಳಿದಂತೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತದೆ. ಸರಿಯಿದೆ ಎಂದು ಒತ್ತಿದರೆ 'ಧನ್ಯವಾದ' ಎಂದು ಸುಮ್ಮನಾಗುತ್ತದೆ. ಮನುಷ್ಯನ ಸ್ವಭಾವ ತಿಳಿದವರು ಇಂಥ ಗುಂಡಿ ಮಾಡುವುದಿಲ್ಲ.

ಹೀಗಿರುವಾಗ ಅಕ್ಕಲಕೋಟೆಯ ಯೋಜನೆ ಬಂತು. ನನಗೆ ಬಹಳ ಖುಷಿಯಾಯಿತು. ಅಲ್ಲಿ ನನ್ನ ಸೋದರತ್ತೆ, ಅಪ್ಪನ ಅಕ್ಕ, ಗಂಗವ್ವ ಇದ್ದಾಳೆ. ನಾನು ಸಾಲಿ ಕಲಿತದ್ದು ಅವಳ ಮನೆಯಲ್ಲಿದ್ದುಕೊಂಡೇ. ಅತ್ತೆಗೆ ಕಡಕ್ ರೊಟ್ಟಿಯ ವ್ಯಾಪಾರ. ಬೆಳಗಿನಿಂದ ಮಧ್ಯಾಹ್ನದವರೆಗೆ ತಗಡಿನ ಪತ್ರಾ ಹೊದಿಸಿದ ಕೋಣೆಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ. ಕೆಳಗೆ ಒಲೆ, ಮೇಲೆ ಪತ್ರಾ, ನಡುವೆ ಅತ್ತೆ. ರೊಟ್ಟಿಯನ್ನಾದರೂ ಒಮ್ಮೆ ಮಗುಚಿ ತೆಗೆದಿಡುತ್ತಾರೆ. ಹೋದ ಬೇಸಿಗೆಯಲ್ಲಿ ಅವಳು ಒಲೆಯ ಮುಂದೆಯೇ ಎಚ್ಚರ ತಪ್ಪಿ ಬಿದ್ದಿದ್ದಳು. ಡಾಕ್ಟರು ಇನ್ನೊಮ್ಮೆ ಹೀಗಾದರೆ ಕಷ್ಟ ಎಂದಿದ್ದರು. ಓಣಿಯ ಮುಂದಿನ ಬಯಲಿನಲ್ಲಿ ಒಂದು ಗಿಡವಿಲ್ಲ. ಇದ್ದಿದ್ದರೆ ಅದರ ಕೆಳಗೇ ಒಲೆ ಹೂಡುತ್ತಿದ್ದೆ ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಯೋಜನೆಯ ಸುದ್ದಿ ಕೇಳಿ ಅವಳೇ ಫೋನು ಮಾಡಿದಳು.

“ಮಲ್ಲ್ಯಾ, ನಿನ್ನ ಆ ಮಷೀನಿಗೆ ನಮ್ಮ ಮನಿ ಪತ್ರಾ ಕಾಣ್ತದೇನ ನೋಡಪ್ಪಾ. ಅದಕ್ಕ ಕಾಣ್ಲಿಲ್ಲಂದ್ರ ನೀನರ ನೋಡು.”

ನೋಡುತ್ತೇನೆ ಎಂದೆ. ಮಾತು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ನೋಡಲು ಹೋಗಲಿಲ್ಲ. ಇದಕ್ಕೆ ಕಾರಣಗಳನ್ನು ಹೇಳಬೇಕೆಂದು ಎರಡು ದಿನದಿಂದ ಹುಡುಕುತ್ತಿದ್ದೇನೆ. ಸಿಕ್ಕಿದ ಕಾರಣಗಳೆಲ್ಲ ಹೇಳಲು ಯೋಗ್ಯವಾಗಿಲ್ಲ. ಎಸ್‌ಟಿ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬಿಸಿಲು ಏರಿತ್ತು, ಅಂದು ಭಾನುವಾರ, ಟೀವಿಯಲ್ಲಿ ಕ್ರಿಕೆಟ್ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಕಲಕೋಟೆ ನನಗೆ ಗೊತ್ತು ಎಂಬ ಸೊಕ್ಕು ಇತ್ತು. ಬೆಳೆದ ಊರನ್ನು ಯಾರಾದರೂ ಹೋಗಿ ನೋಡುತ್ತಾರೆಯೇ? ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಎರಡು ಓವರುಗಳ ನಡುವೆ ಒಂದೊಂದು ಓಣಿಯನ್ನು 'ಸ್ವತಃ ನೋಡಿದೆ, ಸರಿಯಿದೆ' ಎಂದು ಒತ್ತುತ್ತ ಹೋದೆ. ಉಪಗ್ರಹಕ್ಕೆ ಅಷ್ಟು ಮೇಲಿನಿಂದ ಅಕ್ಕಲಕೋಟೆ ಕಾಣುತ್ತಿತ್ತು. ನಾನು ಎಲ್ಲಿ ಕೂತು ಒತ್ತುತ್ತಿದ್ದೇನೆ ಎಂದು ಕೇಳುವ ಏರ್ಪಾಡನ್ನು ಮಾತ್ರ ನಮ್ಮ ಆಫೀಸು ಮಾಡಿರಲಿಲ್ಲ. ಈಗ ಮಾಡಿದೆ. ಹೊಸ ನಿಯಮಕ್ಕೆ ಆಫೀಸಿನಲ್ಲಿ ನನ್ನದೇ ಹೆಸರು ಇಟ್ಟಿದ್ದಾರೆ.

ಅತ್ತೆಯ ಓಣಿಯೂ ಬಂತು. ಮುಂದಿನ ಬಯಲಿನ ತುಂಬ ಹಸಿರು. ಹಸಿರಿನ ನಡುನಡುವೆ ಸಣ್ಣ ಸಣ್ಣ ನೀಲಿ ಚೌಕಗಳು. ಅವುಗಳ ಮೇಲೆ ಯಂತ್ರ 'ಜಲಾಶಯ ಅಥವಾ ಈಜುಕೊಳ' ಎಂದು ಬರೆದಿತ್ತು. ಒಂದು ಕ್ಷಣ ಆಶ್ಚರ್ಯವಾಯಿತು. ರೊಟ್ಟಿ ಬಡಿಯುವವರ, ಬೀಡಿ ಕಟ್ಟುವವರ ಓಣಿಯಲ್ಲಿ ಈಜುಕೊಳವೇ? ಮರುಕ್ಷಣವೇ ಸಂತೋಷವಾಯಿತು. ನಾನು ಹೋಗಿ ಎಷ್ಟು ದಿನವಾಯಿತು, ಅಷ್ಟರಲ್ಲಿ ಊರು ಎಷ್ಟು ಸುಧಾರಿಸಿದೆ! ಅತ್ತೆಗೆ ಒಂದು ಫೋನು ಮಾಡಿ ಕೇಳಲೇ ಎನಿಸಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಒಂದು ವಿಕೆಟ್ ಬಿತ್ತು. ಸರಿಯಿದೆ ಎಂದು ಒತ್ತಿಬಿಟ್ಟೆ. ಧನ್ಯವಾದ ಎಂದಿತು.

ಯೋಜನೆ ತಯಾರಾದ ಮೇಲೆ ಊರಿನವರಿಗೆ ತೋರಿಸಲು ಅಕ್ಕಲಕೋಟೆಯಲ್ಲಿ ಸಭೆ ಇಟ್ಟರು. ನಮ್ಮ ಸಾಹೇಬರೂ ಕೇತಕಿ ಮೇಡಮ್ಮೂ ಹೋದರು. ನಾನು ಸುನಂದಾಳ ತಂಗಿಯ ಮನೆಯ ಸೀಮಂತದ ನೆಪ ಹೇಳಿ ಉಳಿದೆ. ನೆಪ ಸುಳ್ಳಲ್ಲ, ಸೀಮಂತಕ್ಕೆ ಗಂಡಸರ ಕೆಲಸವಿರಲಿಲ್ಲ, ಅಷ್ಟೇ. ಸಂಜೆ ವಾಪಸು ಬಂದ ಮೇಡಂ ಅವರ ಮುಖ ಸಪ್ಪಗಿತ್ತು. ಸಾಹೇಬರು ಪರದೆಯ ಮೇಲೆ ನಕ್ಷೆ ತೋರಿಸಿ, ಈ ಒಂದು ಓಣಿಯನ್ನು ಎಲ್ಲರೂ ನೋಡಿ ಕಲಿಯಬೇಕು, ಇಷ್ಟು ಹಸಿರು, ಇಷ್ಟು ನೀರು, ಇವರಿಗೆ ಹೊಸ ಗಿಡವೂ ಬೇಡ, ಬಿಳಿ ಬಣ್ಣವೂ ಬೇಡ ಎಂದು ಹೊಗಳಿದರಂತೆ. ಆಗ ಒಬ್ಬ ಹೆಣ್ಣುಮಗಳು ಎದ್ದು ನಿಂತು, ಆ ತೋಟ ಎಲ್ಲಿದೆ ತೋರಿಸಿದರೆ ನಾವೂ ಹೋಗಿ ನೆರಳಿಗೆ ಕೂಡುತ್ತೇವೆ ಎಂದಳಂತೆ. ಸಭೆ ಸಭೆಯೇ ನಕ್ಕಿತಂತೆ. ಮೇಡಂ ಚಿತ್ರವನ್ನು ದೊಡ್ಡದು ಮಾಡಿ ನನಗೆ ತೋರಿಸಿದರು. ಹಸಿರು ಪಟ್ಟೆಗಳು ಅಳತೆ ಹಿಡಿದು ಕತ್ತರಿಸಿದಂತೆ ಸಾಲಾಗಿದ್ದವು. ಮೂಲೆಯಲ್ಲಿ ಚಿತ್ರ ತೆಗೆದ ತಾರೀಖು ಇತ್ತು. ನವರಾತ್ರಿಯ ಹಿಂದಿನ ವಾರ.

ತಾರೀಖು ನೋಡಿದ್ದೇ ತಡ, ನನಗೆ ಎಲ್ಲ ಹೊಳೆಯಿತು. ಪುಣೆಯ ಮೇಡಂಗೆ ತಿಳಿಯದಿದ್ದರೆ ತಪ್ಪಲ್ಲ, ಎಲ್ಲಿಯದೋ ಊರುಗಳ ಚಿತ್ರ ನೋಡಿ ಕಲಿತ ಯಂತ್ರಕ್ಕೆ ತಿಳಿಯದಿದ್ದರೂ ತಪ್ಪಲ್ಲ. ಸೊಲ್ಲಾಪುರದ ಉಪ್ಪು ತಿಂದ ನನಗೆ ತಿಳಿಯಬೇಕಾಗಿತ್ತು. ನಮ್ಮಲ್ಲಿ ನವರಾತ್ರಿಯ ಘಟ ಕೂಡಿಸುವ ಮೊದಲು ಮನೆಯ ಪ್ರತಿಯೊಂದು ಚಾದರ, ಕೌದಿ, ಜಮಖಾನೆ ಒಗೆದು ಒಣಗಿಸಲೇಬೇಕು. ಮರಾಠಿಯ ಬಳುವಳಿಯಿಂದ ಇದಕ್ಕೆ 'ದಸರಾ ತೆಗೆಯುವುದು' ಎನ್ನುತ್ತೇವೆ. ಆ ವಾರದಲ್ಲಿ ಮಾಡಿನ ಮೇಲೆ, ಬಯಲಿನಲ್ಲಿ, ಗೋಡೆಯ ಮೇಲೆ ಎಲ್ಲಿ ನೋಡಿದರೂ ಚಾದರಗಳೇ. ನಮ್ಮ ಮನೆಯಲ್ಲಿ ಒದ್ದೆ ಚಾದರ ಹಿಂಡುವ ಕೆಲಸ ಪ್ರತಿ ವರ್ಷ ನನ್ನದೇ. ಒಂದು ತುದಿ ಸುನಂದಾ, ಇನ್ನೊಂದು ತುದಿ ನಾನು, ಕೈಗೆ ಬೊಬ್ಬೆ ಬರುವವರೆಗೆ ಹಿಂಡುತ್ತೇವೆ. ಆಕಾಶದಲ್ಲಿ ಉಪಗ್ರಹ ಹಾದು ಹೋದಾಗ ಅತ್ತೆಯ ಓಣಿಯ ಹೆಂಗಸರು ದಸರಾ ತೆಗೆದು ಬಯಲಿನ ತುಂಬ ಹರಡಿದ್ದರು. ಹಸಿರು ಚಾದರ ತೋಟವಾಗಿತ್ತು, ನೀಲಿ ಚಾದರ ಈಜುಕೊಳವಾಗಿತ್ತು. ಜೀವಂತ ಎಲೆಯನ್ನೂ ಬಣ್ಣದ ಬಟ್ಟೆಯನ್ನೂ ಬೇರೆಬೇರೆಯಾಗಿ ತೋರಿಸುವ, ಕಣ್ಣಿಗೆ ಕಾಣದ ಬೆಳಕಿನ ಚಿತ್ರವೂ ಸಿಗುತ್ತದಂತೆ. ಅದಕ್ಕೆ ಬೆಲೆ ಹೆಚ್ಚು. ನನ್ನಂಥ ಕಣ್ಣಿದ್ದವರು ಇದ್ದಾರಲ್ಲ ಎಂದು ಆಫೀಸು ಅದನ್ನು ಕೊಂಡಿರಲಿಲ್ಲ.

ಮೇಡಂ ನನ್ನನ್ನೇ ನೋಡುತ್ತಿದ್ದರು. ನೀವು ಸ್ವತಃ ಹೋಗಿ ನೋಡಿದಾಗ ಅಲ್ಲಿ ಏನಿತ್ತು ಎಂದು ಬಹಳ ಮೆತ್ತಗೆ ಕೇಳಿದರು. ಆಗಲೇ ನಿಜ ಹೇಳಿದ್ದರೆ ನಾಚಿಕೆ ಅಲ್ಲಿಗೇ ಮುಗಿಯುತ್ತಿತ್ತು. ನಾನು, “ತೋಟ ಇತ್ತು ಮೇಡಂ, ಆಮೇಲೆ ಒಣಗಿರಬೇಕು,” ಎಂದೆ. ಈಜುಕೊಳಗಳ ಬಗ್ಗೆ ಅವರು ಕೇಳಲಿಲ್ಲ. ಅದು ಅವರ ದೊಡ್ಡತನ. ಸಾಹೇಬರು ಮಾತ್ರ, ನಾಳೆಯೇ ಹೋಗಿ ಇನ್ನೊಮ್ಮೆ ನೋಡಿ ಬಾ ಎಂದರು. 'ಇನ್ನೊಮ್ಮೆ' ಎಂಬುದು ಕಿವಿಗೆ ಬಿದ್ದಾಗ ನನ್ನ ತಲೆ ತಾನಾಗಿಯೇ ತಗ್ಗಿತು.

ಮರುದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಬಿಸಿಲೂ ಇತ್ತು. ದಾರಿಯುದ್ದಕ್ಕೂ ಅತ್ತೆಗೆ ಹೇಗೆ ತಿಳಿಸಿ ಹೇಳುವುದೆಂದು ಮಾತು ಜೋಡಿಸುತ್ತ ಹೋದೆ. ಬಿಳಿ ಬಣ್ಣ ಕೈತಪ್ಪಿದ್ದಕ್ಕೆ ಸಿಟ್ಟಾಗಿರುತ್ತಾಳೆ, ತಪ್ಪನ್ನು ಯಂತ್ರದ ಮೇಲೆ ಹಾಕಿಬಿಡುವುದು, ಯಂತ್ರಕ್ಕೆ ಬಾಯಿಲ್ಲ. ಓಣಿಗೆ ಕಾಲಿಟ್ಟರೆ ಬಯಲು ಬೋಳಾಗಿ ಬಿದ್ದಿತ್ತು. ಒಂದು ಆಡು ಕರೆಂಟು ಕಂಬದ ನೆರಳಿನಲ್ಲಿ, ಆ ನೆರಳು ಎಷ್ಟು ಅಗಲವೋ ಅಷ್ಟೇ ಅಗಲವಾಗಿ ನಿಂತಿತ್ತು. ಅತ್ತೆ ಬಾಗಿಲಿನಲ್ಲೇ ಇದ್ದಳು. ಎಂದಿನಂತೆ 'ಬಾರೋ ಮಲ್ಲ್ಯಾ' ಎನ್ನಲಿಲ್ಲ.

“ಬರ್ರಿ ಸಾಹೇಬ್ರ. ಕುರ್ಚಿ ಮ್ಯಾಲ ಕೂಡ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಎತ್ತಿ ಆಡಿಸಿದ ಅತ್ತೆ ನನಗೆ ಬಹುವಚನ ಹಚ್ಚಿದಾಗ ಏನು ಮಾಡುವುದು? ಆ ಮನೆಯಲ್ಲಿ ನಾನು ಎಂದೂ ಕುರ್ಚಿಯ ಮೇಲೆ ಕೂತವನಲ್ಲ. ನೆಲದ ಮೇಲೆ ಕೂಡಲು ಹೋದರೆ ಕಣ್ಣಿನಿಂದಲೇ ಕುರ್ಚಿ ತೋರಿಸಿದಳು. ತಾಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದು ಸ್ಟೂಲಿನ ಮೇಲಿಟ್ಟಳು, ಹೋಟೆಲಿನವರಂತೆ. ಪಕ್ಕದ ಮನೆಯ ಕಲಾವತಿ ಬೀಡಿ ಎಲೆಯ ಮೊರ ಹಿಡಿದುಕೊಂಡೇ ಬಂದು ಹೊಸ್ತಿಲ ಬಳಿ ಕೂತಳು. ಸಭೆಯಲ್ಲಿ ತೋಟ ಎಲ್ಲಿದೆ ಎಂದು ಕೇಳಿದವಳು ಅವಳೇ ಎಂದು ಆಮೇಲೆ ತಿಳಿಯಿತು. ನಾನು ಉಪಗ್ರಹ, ಬೆಳಕು, ಬಣ್ಣ ಎಂದೆಲ್ಲ ಶುರು ಮಾಡಿದೆ. ಪತ್ರಾದ ಝಳಕ್ಕೆ ಬೆವರು ಹುಬ್ಬಿನಿಂದ ಮೊಸರಿಗೆ ತೊಟ್ಟಿಕ್ಕುತ್ತಿತ್ತು. ಅತ್ತೆ ಕೇಳುತ್ತಲೇ ಇರಲಿಲ್ಲ, ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಕಡೆಗೆ ಕಲಾವತಿಯೇ ಬಾಯಿ ಬಿಟ್ಟಳು.

“ಮೀಟಿಂಗಿನ್ಯಾಗ ನಿಮ್ಮ ಸಾಹೇಬ್ರು ನಿಮ್ಮ ಹೆಸರು ತಗೊಂಡು ಹೇಳಿದ್ರಲ್ರಿ. ಮಲ್ಲಿನಾಥ ಸ್ವತಃ ಈ ಓಣಿಗೆ ಬಂದು ನೋಡಿ ಹೋಗ್ಯಾರ ಅಂತ. ನಿನ್ನಿಯಿಂದ ನಿಮ್ಮತ್ತಿ ಸರಿ ಉಂಡಿಲ್ಲ.”

ಆಗ ಅತ್ತೆ ತಿರುಗಿದಳು. ಕಣ್ಣು ತುಂಬಿದ್ದವು, ಸಾಹೇಬಿಕೆ ಅದರಲ್ಲಿ ಕರಗಿ ಹೋಗಿತ್ತು.

“ಗಿಡದ್ದು, ಪತ್ರಾದ್ದು ಮಾತಾಡ್ಬೇಕಂತ ನಾನೂ ಎದ್ದು ನಿಂತಿದ್ದೆ. ನಿನ್ನ ಹೆಸರು ಬಂದ ಕೂಡ್ಲೆ ಕೂತೆ. ನಮ್ಮ ಓಣಿಗೆ ಬಂದು, ನನ್ನ ಬಾಗ್ಲಾ ದಾಟಿ ಹೋಗ್ಯಾನ. ಒಂದ ಗುಟುಕ ನೀರ ಸೈತ ಕುಡೀಲಿಲ್ಲ. ನಾ ಏನ್ ತಪ್ಪ ಮಾಡೀನೋ ಮಲ್ಲ್ಯಾ?”

ಕೈಯ ತುತ್ತನ್ನು ತಾಟಿಗೆ ಇಳಿಸಿದೆ. ಬಣ್ಣವಲ್ಲ, ಗಿಡವಲ್ಲ, ಇದು ಅವಳ ಸಂಕಟ. ಓಣಿಯವರು ಕುಟುಕಿದಾಗಲೆಲ್ಲ, ಕೆಲಸದ ಗಡಿಬಿಡಿ ಇತ್ತೇನೋ ಎಂದು ನನ್ನ ಪರವಾಗಿ ಉತ್ತರ ಕೊಟ್ಟು, ರಾತ್ರಿ ಉಣ್ಣದೆ ಮಲಗಿದ್ದಳಂತೆ. ಹುಬ್ಬಿನ ಬೆವರು ಒರೆಸುವ ನೆಪದಲ್ಲಿ ನಾನು ಕಣ್ಣು ಒರೆಸಿಕೊಂಡೆ. ನನ್ನ ಮುಂದೆ ಎರಡೇ ದಾರಿ ಇದ್ದವು: ಬಂದೂ ಉಣ್ಣದೆ ಹೋದ ಕೃತಘ್ನ ಎನಿಸಿಕೊಳ್ಳಬೇಕು, ಇಲ್ಲವೇ ಬರದೆ ಬಂದೆನೆಂದ ಸುಳ್ಳುಗಾರ ಎನಿಸಿಕೊಳ್ಳಬೇಕು. ಸುಳ್ಳುಗಾರನೆಂದು ಓಣಿಗೆ ಗೊತ್ತಾದರೆ ಆಫೀಸಿಗೆ ಗೊತ್ತಾಗಲು ಹೊತ್ತು ಬೇಕಿಲ್ಲ. ನೌಕರಿ ಕಣ್ಣ ಮುಂದೆ ಬಂತು, ಸುನಂದಾಳೂ ಬಂದಳು. ಆದರೂ ಅತ್ತೆಯ ಮುಖ ನೋಡಿ ಬೇರೆ ಏನೂ ಹೇಳಲಾಗಲಿಲ್ಲ.

“ಅತ್ತಿ, ನಾ ಬಂದೇ ಇಲ್ಲ. ಸೊಲ್ಲಾಪುರದಾಗ ಮನ್ಯಾಗ ಕೂತು, ಬಂದು ನೋಡೀನಿ ಅಂತ ಸುಳ್ಳ ಹೇಳೀನಿ.”

ಅತ್ತೆ ಒಲೆಯ ಉರಿ ಹಿಂದಕ್ಕೆ ಸರಿಸಿ, ಎದ್ದು ಬಂದು ನನ್ನ ಎದುರಿಗೆ ನಿಂತಳು.

“ಅನ್ನದ ಮ್ಯಾಲ ಕೈ ಇಟ್ಟು ಹೇಳು.”

ತಾಟಿನ ಮೇಲೆ ಕೈಯಿಟ್ಟು, ನಾನು ಸುಳ್ಳುಗಾರ ಎಂದು ಆಣೆ ಮಾಡಿ ಹೇಳಿದೆ. ಸತ್ಯವಂತನೆಂದು ಆಣೆ ಮಾಡುವವರನ್ನು ಕೋರ್ಟಿನಲ್ಲಿ ನೋಡಿದ್ದೆ. ಇದರಲ್ಲಿ ನಾನೇ ಮೊದಲಿಗನಿರಬೇಕು. ಅತ್ತೆಯ ಮುಖ ನೋಡನೋಡುತ್ತ ಅರಳಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನನ್ನ ಕೈ ಹಿಡಿದು ಕುರ್ಚಿಯಿಂದ ಇಳಿಸಿ ನೆಲದ ಮೇಲೆ ಕೂಡಿಸಿದಳು, ಹೊಸ್ತಿಲಿನ ಆಚೆ ನಿಂತು ಓಣಿಗೆ ಓಣಿಯನ್ನೇ ಕೂಗಿದಳು. ನಮ್ಮ ಮಲ್ಲ್ಯಾ ಬಂದೇ ಇಲ್ಲಂತ, ಮನ್ಯಾಗ ಕೂತು ಸುಳ್ಳ ಹೇಳ್ಯಾನಂತ ಎಂದು ಹಬ್ಬದ ಸುದ್ದಿ ಹೇಳುವಂತೆ ಹೇಳಿದಳು. ಕೈಯ ಹಿಟ್ಟು ಕೂಡ ತೊಳೆಯದೆ ಹೆಂಗಸರು ಬಂದು ಬಾಗಿಲಲ್ಲಿ ತುಂಬಿದರು. ಒಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಾಗಾದರೆ ನೋಡದೆಯೇ ನಮ್ಮ ಗಿಡ ಕಳೆದರೇನು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟಳು.

“ಹೌದವ್ವಾ, ನೋಡ್ಲಾರ್ದ ಕಳದಾನ. ಖರೆ, ಬಂದು ಉಣ್ಲಾರ್ದ ಹೋಗೂ ಪೈಕಿ ಅಲ್ಲ ನಮ್ಮಾಂವ.”

ಇಷ್ಟು ಅಭಿಮಾನದಿಂದ ನನ್ನ ಮಾನವನ್ನು ಯಾರೂ ಹರಾಜು ಹಾಕಿರಲಿಲ್ಲ. ಅತ್ತೆ ಬಿಸಿ ರೊಟ್ಟಿಯನ್ನು ಮತ್ತೆ ಮತ್ತೆ ಹಾಕುತ್ತಿದ್ದಳು, ನಾನು ತಲೆ ಎತ್ತದೆ ತಿನ್ನುತ್ತಿದ್ದೆ. ಊಟವಾದ ಮೇಲೆ ಹೆಂಗಸರು ನನ್ನನ್ನು ಮುಂದೆ ಮಾಡಿಕೊಂಡು ಮನೆಯಿಂದ ಮನೆಗೆ ಕರೆದೊಯ್ದರು. ಪ್ರತಿ ಪತ್ರಾದ ಕೆಳಗೂ ನನ್ನನ್ನು ಒಂದಷ್ಟು ಹೊತ್ತು ನಿಲ್ಲಿಸಿ, ಬೆವರು ಇಳಿದ ಮೇಲೆಯೇ ಹೊರಗೆ ಬಿಟ್ಟರು. ಪ್ರತಿ ಮನೆಯಲ್ಲೂ ಚಹಾ ಕುಡಿಸಿದರು. ಈ ಸಲ ಬಂದದ್ದಕ್ಕೆ ಸಾಕ್ಷಿ ಇರಲಿ ಎಂದು ಕಲಾವತಿ ಹೇಳಿದಳು. ಬಯಲಿನ ನಡುವೆ ನಿಂತು 'ತಪ್ಪಿದೆ' ಎಂಬ ಗುಂಡಿ ಒತ್ತಿ, ಅದು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ತೋಟವಿಲ್ಲ, ನೀರಿಲ್ಲ, ಒಂದು ಗಿಡವೂ ಇಲ್ಲ, ಮೊದಲ ಸಲ ನಾನು ಬಂದೇ ಇರಲಿಲ್ಲ. ಸಾಹೇಬರಿಗೂ ಫೋನು ಮಾಡಿ ಅದನ್ನೇ ಹೇಳಿದೆ. ಅವರು, ನಾಳೆ ಕೇಬಿನ್ನಿಗೆ ಬನ್ನಿ ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಆ ದಿನ ನನಗೆ ಮರ್ಯಾದೆ ಕೊಟ್ಟವರೆಲ್ಲ ಸಿಟ್ಟಿನಲ್ಲಿದ್ದವರೇ. ಕೇಬಿನ್ನಿನಲ್ಲಿ ಏನಾಯಿತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೇಸಿಗೆ ಏರುವ ಮೊದಲು ಓಣಿಯ ಮಾಡುಗಳಿಗೆಲ್ಲ ಬಿಳಿ ಬಣ್ಣ ಬೀಳುವುದು ಖಾತ್ರಿಯಾಗಿದೆ, ಮಳೆಗಾಲಕ್ಕೆ ಬಯಲಿನಲ್ಲಿ ಬೇವಿನ ಸಸಿ ನೆಡುತ್ತಾರೆ. ಬಣ್ಣ ಬಳಿಯುವಾಗ ಬಿಸಿಲಿನಲ್ಲಿ ನಿಂತು ನೋಡಿಕೊಳ್ಳುವ ಕೆಲಸ ನನಗೇ ಬಂದಿದೆ.

ಅಂದು ಸಂಜೆ ಅತ್ತೆ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಬಸ್ಸು ಹತ್ತಿದೆ. ಓಣಿಯಿಂದ ಸ್ಟ್ಯಾಂಡಿಗೆ ನಾನು ಆಟೋದಲ್ಲಿ ಬಂದಿದ್ದೆ. ಸುದ್ದಿ ಅದಕ್ಕಿಂತ ಜೋರಾಗಿ ಬಂದಿತ್ತು. ಎಂದೂ ನೋಡದ ಕಂಡಕ್ಟರು ಟಿಕೇಟು ಹರಿಯುವ ಮೊದಲು ನನ್ನ ಮುಖ ನೋಡಿ, ಕೊರಳಿನ ಆಫೀಸು ಕಾರ್ಡು ನೋಡಿ, ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸಿದ.

“ಬರ್ಲಾರ್ದ ನೋಡಿ ಹೋದ ಸಾಹೇಬ್ರು ನೀವಾ ಏನ್ರಿ?”

ಹೌದು ಎಂದೆ. ಅಕ್ಕಲಕೋಟೆಯ ಬಗ್ಗೆ ಯಾರೇ ಕೇಳಿದರೂ ನಾನು ಸ್ವತಃ ಖಾತ್ರಿಯಿಂದ ಹೇಳಬಹುದಾದ ಸಂಗತಿ ಸದ್ಯಕ್ಕೆ ಅದೊಂದೇ.